ಕಮ್ಮಾರ ಬೀದಿಗೆ ನಿಂತ ಬಾಗಿಲು

ನಾನು ದೊಡ್ಡ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ದಿನ ಬಾಗಿಲು ಹೂವಿನ ಬೀದಿಯ ಕಡೆಗಿತ್ತು. ಮದುವೆಯಾಗಿ ಆ ಊರಿಗೆ ಬಂದು ಹದಿನೈದು ದಿನವಾಗಿತ್ತಷ್ಟೆ. ನನ್ನ ಗಂಡ ಶಂಭುಲಿಂಗ ಅವರದು ಕೋಟೆ ಬೀದಿಯಲ್ಲಿ ಸಣ್ಣ ಅಂಗಡಿ. ಕಾಗದ, ಶಾಯಿ, ದಾರದ ಉಂಡೆ, ಅರಗು, ಅರ್ಜಿ ನಮೂನೆ ಇಂಥವನ್ನು ಮಾರುತ್ತಿದ್ದರು. ಅಂಗಡಿಯ ಹಿಂದೆಯೇ ಮನೆ. ಹೊಸ ಸೀರೆ ಉಟ್ಟು, ನೇಮಕದ ಪತ್ರವನ್ನು ಚೀಲದಲ್ಲಿಟ್ಟುಕೊಂಡು ಹೊರಗೆ ಬಂದರೆ ಎದುರಿಗೆ ಮೂರು ಅಂತಸ್ತಿನ ಕಲ್ಲುಗೋಡೆ, ಒಂದು ಕಿಟಕಿಯೂ ಇಲ್ಲ. "ಬಾಗಿಲೆಲ್ಲಿ ರೀ?" ಎಂದು ಕೇಳಿದೆ. ಅವರು ಶಾಯಿ ಬಾಟಲಿಗಳ ಧೂಳು ಒರೆಸುತ್ತ, "ಈಗ ಹೂವಿನ ಬೀದಿಗಿದೆ. ಸುತ್ತಿಕೊಂಡು ಹೋಗು. ನಮ್ಮ ಕಡೆಗೆ ಬರೋದು ದೀಪಾವಳಿ ಹೊತ್ತಿಗೆ" ಎಂದರು, ಬಸ್ಸಿನ ವೇಳೆ ಹೇಳುವ ಹಾಗೆ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಊರಿನ ನಡುವೆ ದುಂಡನೆಯ ಬಯಲು. ಅದಕ್ಕೆ ನಾಲ್ಕು ಕಡೆಯಿಂದ ನಾಲ್ಕು ಬೀದಿ ಬಂದು ಸೇರುತ್ತಿದ್ದವು. ಪೂರ್ವಕ್ಕೆ ಅಕ್ಕಿಪೇಟೆ, ದಕ್ಷಿಣಕ್ಕೆ ಹೂವಿನ ಬೀದಿ, ಪಶ್ಚಿಮಕ್ಕೆ ಕಮ್ಮಾರ ಬೀದಿ, ಉತ್ತರಕ್ಕೆ ಕೋಟೆ ಬೀದಿ. ಬಯಲಿನ ನಡುವೆ ದೊಡ್ಡ ಕಚೇರಿ. ಅದು ಮೂರು ತಿಂಗಳು ಒಂದು ಬೀದಿಗೆ ಮುಖ ಮಾಡಿ ನಿಂತಿರುತ್ತಿತ್ತು. ಆಮೇಲೆ ಒಂದು ವಾರ ಹಿಡಿದು ಮೆಲ್ಲಗೆ ತಿರುಗಿ ಮುಂದಿನ ಬೀದಿಗೆ ಮುಖ ಮಾಡುತ್ತಿತ್ತು. ಒಳಗೆ ಕೂತವರಿಗೆ ಏನೂ ಗೊತ್ತಾಗುತ್ತಿರಲಿಲ್ಲ, ಮೇಜಿನ ಮೇಲಿನ ಲೋಟದ ನೀರು ಸಹ ಅಲುಗುತ್ತಿರಲಿಲ್ಲ. ಬೆಳಿಗ್ಗೆ ಕಿಟಕಿಯಲ್ಲಿ ಕಂಡ ಬೇವಿನ ಮರ ಸಂಜೆಗೆ ಚೌಕಟ್ಟಿನ ಆಚೆ ಹೋಗಿರುತ್ತಿತ್ತು, ಅಷ್ಟೆ. ಯಾಕೆ ತಿರುಗುತ್ತದೆ ಎಂದು ನಾನು ಮೊದಮೊದಲು ಒಬ್ಬಿಬ್ಬರನ್ನು ಕೇಳಿದೆ. ಅವರು ನನ್ನನ್ನು ನೋಡಿದ ರೀತಿಯಲ್ಲೇ ಅದು ಕೇಳುವ ಮಾತಲ್ಲ ಎಂದು ತಿಳಿಯಿತು.

ಕೇಳುವ ಮಾತುಗಳು ಬೇರೆ ಇದ್ದವು. "ನಿಮ್ಮ ಕಡೆಗೆ ಬಾಗಿಲು ಬಂತೇ?" ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ಬಾಗಿಲು ಬಂದ ಬೀದಿಯಲ್ಲಿ ಆ ಮೂರು ತಿಂಗಳು ಸಂಭ್ರಮ. ಕಾಫಿ ಹೋಟೆಲಿನವರು ಇನ್ನೊಂದು ಬೆಂಚು ಹಾಕುತ್ತಿದ್ದರು, ಮದುವೆ ಮುಂಜಿಗಳನ್ನು ಆ ತಿಂಗಳಿಗೇ ಗೊತ್ತು ಮಾಡುತ್ತಿದ್ದರು. ಕಾಗದಗಳ ಮೇಲೆ ಕಚೇರಿಯ ವಿಳಾಸ ಬರೆಯುವಾಗ ಬೀದಿಯ ಹೆಸರು ಹಾಕದೆ ಜಾಗ ಬಿಡುತ್ತಿದ್ದರು, ಅಂಚೆಯವನೇ ತುಂಬಿಕೊಳ್ಳುತ್ತಿದ್ದ. ತಿರುಗುವ ವಾರದಲ್ಲಿ ಬಾಗಿಲು ಯಾವ ಬೀದಿಗೂ ಸೇರದೆ ಮೂಲೆಯ ಕಡೆ ಮುಖ ಮಾಡಿರುತ್ತಿತ್ತಲ್ಲ, ಆಗ ಮೆಟ್ಟಿಲಿನಿಂದ ರಸ್ತೆಗೆ ಹಲಗೆ ಹಾಸುತ್ತಿದ್ದರು. ಆ ಹಲಗೆಯ ಮೇಲೆ ಸೀರೆಯ ನೆರಿಗೆ ಎತ್ತಿಕೊಂಡು ನಡೆಯುವುದನ್ನು ನಾನು ಎರಡೇ ವರ್ಷದಲ್ಲಿ ಕಲಿತೆ.

ನನ್ನ ಕೆಲಸ ನಕ್ಷೆ ವಿಭಾಗದಲ್ಲಿ. ಟ್ರೇಸರ್ ಅಂತ. ಹಳೆಯ ನಕ್ಷೆಯ ಮೇಲೆ ತೆಳ್ಳನೆಯ ಮೇಣದ ಬಟ್ಟೆ ಹಾಸಿ, ಕೆಳಗಿನ ಗೆರೆಯನ್ನು ಶಾಯಿಯಲ್ಲಿ ಹಾಗೆಹಾಗೇ ತೆಗೆಯುವುದು. ನಮ್ಮ ಮೇಲಿನವರು ಹೆಡ್ ಡ್ರಾಫ್ಟ್ಸ್‌ಮನ್ ದೇವೇಂದ್ರಯ್ಯನವರು. ಬಡಕಲು ಮೈ, ಕಿವಿಯ ಮೇಲೆ ಸದಾ ಪೆನ್ಸಿಲು. ಗೆರೆ ದಪ್ಪವಾದರೆ ಬೈಯುತ್ತಿರಲಿಲ್ಲ. ಬಂದು ಪಕ್ಕದಲ್ಲಿ ನಿಂತು, "ಉಸಿರು ಬಿಡ್ತಾ ಎಳೀಬೇಕಮ್ಮ, ಹಿಡಿದುಕೊಂಡಲ್ಲ" ಎನ್ನುತ್ತಿದ್ದರು. ನನಗೆ ಆ ವಿದ್ಯೆ ಕಲಿಸಿದವರು ಅವರೇ.

ನಮ್ಮ ವಿಭಾಗ ಕಟ್ಟಡದ ಬಲಭಾಗದ ಎರಡನೆಯ ಮಹಡಿಯಲ್ಲಿತ್ತು. ಇಪ್ಪತ್ತನಾಲ್ಕು ವರ್ಷ ನಾನು ಕುರ್ಚಿ ಬದಲಿಸಲಿಲ್ಲ. ಆದರೂ ನನ್ನ ಒಂದೇ ಕಿಟಕಿಯಲ್ಲಿ ಊರಿನ ನಾಲ್ಕು ಬೀದಿಗಳೂ ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದವು. ಅಕ್ಕಿಪೇಟೆಯಲ್ಲಿ ಹಮಾಲರು ಮೂಟೆಯ ಮೇಲೇ ಮಲಗಿ ನಿದ್ದೆ ತೆಗೆಯುವುದು, ಹೂವಿನ ಬೀದಿಯ ಹೆಂಗಸರು ಮೊಳ ಹಾಕುತ್ತಲೇ ಜಗಳವಾಡುವುದು, ನಮ್ಮ ಅಂಗಡಿಯಲ್ಲಿ ಇವರು ಗಿರಾಕಿಯಿಲ್ಲದಾಗ ಪತ್ರಿಕೆಯ ಪದಬಂಧ ತುಂಬುವುದು, ಎಲ್ಲವನ್ನೂ ನಾನು ಮೇಲಿನಿಂದ ನೋಡಿದ್ದೇನೆ. ಬೀದಿಯಿಂದ ಬೀದಿಗೆ ಬಾಡಿಗೆ ಮನೆ ಬದಲಿಸಿದವರಿಗೂ ಅಷ್ಟು ಊರು ಕಂಡಿರಲಿಕ್ಕಿಲ್ಲ.

ಬಾಗಿಲಿನ ಜೊತೆ ತಾವೂ ಬೀದಿಯಿಂದ ಬೀದಿಗೆ ಹೋಗುತ್ತಿದ್ದವರು ಒಬ್ಬರೇ, ಹುಸೇನ್ ಸಾಬರು. ಮೆಟ್ಟಿಲಿನ ಪಕ್ಕ ತಳ್ಳುಗಾಡಿಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಓದು ಬಾರದವರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಬಿಳಿ ಗಡ್ಡ, ಕಪ್ಪು ಕೋಟು. ಅರ್ಜಿ ಕೊಡಲು ಬಂದವರು ಅತ್ತರೆ ಟೈಪ್ ಮಾಡುವುದನ್ನು ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದರು, ಅಳು ಮುಗಿದ ಮೇಲೆ ಮತ್ತೆ ಶುರು. "ಮಗಳೇ, ಕಾಗದದ ಮೇಲೆ ಕಣ್ಣೀರು ಬಿದ್ದರೆ ಸಾಹೇಬರು ಓದೋದಿಲ್ಲ, ಅಕ್ಷರ ಕದಡಿರುತ್ತೆ" ಎಂದು ಒಂದು ಸಲ ನನಗೆ ಹೇಳಿದ್ದರು.

ಕಚೇರಿಗೆ ಆಗಲೇ ನೂರು ದಾಟಿತ್ತು. ಯಾರೋ ದಿವಾನರ ಕಾಲದಲ್ಲಿ ಶುರುವಾಗಿ, ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ ಮುಗಿದದ್ದಂತೆ. ನಾಲ್ಕು ಭಾಗ, ನಡುವೆ ಅಂಗಳ. ಮುಂಭಾಗದಲ್ಲಿ ಬಾಗಿಲು, ಅದರ ಮೇಲೆ ಸಾಹೇಬರ ಕೊಠಡಿಗಳು, ಗಡಿಯಾರದ ಗೋಪುರ. ಬಾಗಿಲಲ್ಲಿ ನಿಂತು ಹೊರಗೆ ನೋಡಿದರೆ ಬಲಕ್ಕೆ ನಮ್ಮಂಥ ಗುಮಾಸ್ತರ ಮೂರು ಮಹಡಿ. ಎಡಕ್ಕೆ ಜನ ಕಾಯುವುದಕ್ಕೆ ಉದ್ದನೆಯ ಜಗುಲಿ, ಅದರ ಮೇಲೆ ಮಹಡಿಯಿಲ್ಲ. ಹಿಂಭಾಗದಲ್ಲಿ ದಫ್ತರಖಾನೆ, ನೆಲದಿಂದ ಮೂರನೆಯ ಮಹಡಿಯವರೆಗೆ ಬರೀ ಕಡತ. ಅಷ್ಟು ಕಾಗದದ ಭಾರ ಹೊತ್ತುಕೊಂಡೇ ಅದು ನೂರು ವರ್ಷ ತಿರುಗಿತು.

ತೊಡಕು ಶುರುವಾದದ್ದು ನನ್ನ ಇಪ್ಪತ್ತನಾಲ್ಕನೆಯ ವರ್ಷದ ಸರ್ವಿಸಿನಲ್ಲಿ. ಆ ಸಲ ಕೋಟೆ ಬೀದಿಯಿಂದ ಅಕ್ಕಿಪೇಟೆಗೆ ತಿರುಗುವಾಗ ಕಚೇರಿ ಮಧ್ಯದಲ್ಲೇ ನಿಂತುಬಿಟ್ಟಿತು. ಐದು ದಿನ ಕದಲಲಿಲ್ಲ. ಆರನೆಯ ದಿನ ಮಧ್ಯಾಹ್ನ ಒಮ್ಮೆಗೇ ಜಗ್ಗಿದ ಹಾಗೆ ಹೊರಟಿತು. ಮೊದಲ ಸಲ ನನ್ನ ಶಾಯಿಯ ಬಟ್ಟಲು ಮೇಜಿನ ಮೇಲೆ ಜಾರಿತು. ಅದೇ ಗಳಿಗೆಯಲ್ಲಿ ಬಾಗಿಲ ಮೇಲಿನ ಗಾರೆಯ ಕಮಾನಿನ ಒಂದು ದೊಡ್ಡ ಚೂರು ಕಳಚಿ ಕೆಳಗೆ ಬಿತ್ತು. ಕೆಳಗೆ ಹುಸೇನ್ ಸಾಬರು ಕೂತಿದ್ದರು.

ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಅವರನ್ನು ಜಗುಲಿಯ ಮೇಲೆ ಮಲಗಿಸಿದ್ದರು. ತಲೆಗೆ ಪೆಟ್ಟಾಗಿರಲಿಲ್ಲ. ಬಲಗೈಯ ಮೊಣಕೈ ಕೆಳಗೆ ಎಲುಬು ಪುಡಿಯಾಗಿತ್ತು. ಟೈಪ್‌ರೈಟರ್ ಅಪ್ಪಚ್ಚಿಯಾಗಿತ್ತು. ಅವರು ಕಣ್ಣು ಬಿಟ್ಟು, ನಿಂತಿದ್ದ ಮುದುಕಿಯೊಬ್ಬಳನ್ನು ತೋರಿಸಿ, "ಆ ಅಮ್ಮನ ಅರ್ಜಿ ಅರ್ಧಕ್ಕೇ ಆಗಿದೆ" ಎಂದರು. ಕೈ ಉಳಿಯಿತು. ಬೆರಳುಗಳು ಮಾತ್ರ ಮತ್ತೆ ಮಡಚಲಿಲ್ಲ.

ಪುರಸಭೆಯವರು ಆ ತಿಂಗಳೇ ಸಭೆ ಸೇರಿ ಕಚೇರಿಯನ್ನು ದುರಸ್ತಿ ಮಾಡಿಸುವುದೆಂದು ತೀರ್ಮಾನ ಮಾಡಿದರು. ಇನ್ನು ತಿರುಗಬಾರದು. ಒಂದು ಬೀದಿಗೆ ಮುಖ ಮಾಡಿಸಿ, ಅಡಿಪಾಯಕ್ಕೆ ಕಾಂಕ್ರೀಟು ತುಂಬಿ, ಶಾಶ್ವತವಾಗಿ ನಿಲ್ಲಿಸಿಬಿಡುವುದು. ಯಾವ ಬೀದಿಗೆ ಎಂಬ ಪ್ರಶ್ನೆಯೇ ಏಳಲಿಲ್ಲ. ಕೋಟೆ ಬೀದಿ ಅಗಲವಾಗಿತ್ತು, ಅಧ್ಯಕ್ಷರ ಮನೆಯೂ ಅಲ್ಲೇ ಇತ್ತು. ನಮ್ಮ ಬೀದಿಯಲ್ಲಿ ಹಬ್ಬವೋ ಹಬ್ಬ. ಇವರು ಅಂಗಡಿಯ ಮುಂಭಾಗದ ಮರದ ಹಲಗೆ ಕೀಳಿಸಿ ಗಾಜಿನ ಕಪಾಟು ಕೂರಿಸಿದರು. ಬಣ್ಣ ಯಾವುದು ಬಳಿಯೋಣ ಎಂದು ನನ್ನನ್ನೇ ಕೇಳಿದರು. ತಿಳಿ ನೀಲಿ ಎಂದೆ. ಮದುವೆಯಾದ ಮೇಲೆ ಅವರನ್ನು ಅಷ್ಟು ಉಮೇದಿನಲ್ಲಿ ನಾನು ಕಂಡಿರಲಿಲ್ಲ.

ದುರಸ್ತಿಗೆಂದು ಹೊರಗಿನಿಂದ ಕಾತ್ಯಾಯಿನಿ ಎಂಬ ಎಂಜಿನಿಯರು ಬಂದರು. ಮೂವತ್ತೈದರ ಹೆಂಗಸು, ಮಾತು ಕಡಿಮೆ. ಗೋಡೆಯ ಸುಣ್ಣ ಕೆರೆಸಿ ನೋಡಿದರು. ಪದರ ಪದರವಾಗಿ ನಾನು ಕಂಡಿದ್ದ ಹಳದಿ, ಅದರ ಕೆಳಗೆ ನಾನು ಕಾಣದ ಹಸಿರು, ಅದರ ಕೆಳಗೆ ಬೂದುಗೆಂಪು. ಒಂದು ಕಡೆ ಕೈಬರಹದಲ್ಲಿ 'ಇಲ್ಲಿ ಕೊಡೆ ಮಡಿಸುವುದು' ಎಂದಿತ್ತು. ಹಳೆಯ ಗುಮಾಸ್ತರೆಲ್ಲ ಕೆಲಸ ಬಿಟ್ಟು ಬಂದು ಅದನ್ನು ಓದಿ ಹೋದರು. ಎರಡು ವಾರದ ಮೇಲೆ ಕಾತ್ಯಾಯಿನಿಯವರು ನಮ್ಮ ವಿಭಾಗಕ್ಕೆ ಬಂದು, "ಕಟ್ಟಿದಾಗಿನ ತಳದ ನಕ್ಷೆ ಬೇಕಲ್ಲ" ಎಂದರು.

ಅದು ದಫ್ತರಖಾನೆಯ ಮೂರನೆಯ ಮಹಡಿಯಲ್ಲಿ ತಗಡಿನ ಕೊಳವೆಯೊಳಗೆ ಸಿಕ್ಕಿತು. ಬಟ್ಟೆಯ ಮೇಲೆ ಬರೆದದ್ದು. ಒಂದು ಮೂಲೆ ಗೆದ್ದಲು ತಿಂದು ಜಾಲರಿಯಾಗಿತ್ತು. ಅದನ್ನು ಗಾಜಿನ ಮೇಲೆ ಹರಡಿ ಹೊಸ ಬಟ್ಟೆಗೆ ಇಳಿಸುವ ಕೆಲಸ ನನಗೆ ಬಂತು. ಮೂರನೆಯ ದಿನ, ಗೆದ್ದಲು ತಿಂದ ಭಾಗಕ್ಕೆ ಬಂದಾಗ, ಗಾಜಿನ ಕೆಳಗಿನ ದೀಪ ಹೊತ್ತಿಸಿ ಬಗ್ಗಿ ನೋಡಿದೆ. ಉಳಿದ ಎಳೆಗಳ ಮೇಲೆ ಒಂದು ಕಮಾನಿನ ಹಾಗೆ ಅರ್ಧ ಗೆರೆ. ಪಕ್ಕದಲ್ಲಿ ಎರಡು ಅಕ್ಷರ, 'ಬಾ' ಮತ್ತು 'ವಿ'.

ಬಾವಿ ನೆಲದ್ದು, ಅದು ತಿರುಗುವುದಿಲ್ಲ. ಬಯಲಿನ ದಕ್ಷಿಣದ ಪಾಲಿನಲ್ಲಿ, ಕಟ್ಟಡದ ಅಡಿಯಲ್ಲೇ ಇತ್ತು. ನಾನು ಕಟ್ಟಡದ ಆಕಾರವನ್ನು ಬೇರೆ ಕಾಗದದಲ್ಲಿ ಕತ್ತರಿಸಿ ನಕ್ಷೆಯ ಮೇಲಿಟ್ಟು ತಿರುಗಿಸಿ ನೋಡಿದೆ. ಕೋಟೆ ಬೀದಿಗೆ ಬಾಗಿಲು ಮಾಡಿದರೆ ಬಾವಿಯ ಮೇಲೆ ದಫ್ತರಖಾನೆ ಕೂರುತ್ತಿತ್ತು, ಆ ಮೂರು ಮಹಡಿ ಕಡತದ ಸಮೇತ. ಅಕ್ಕಿಪೇಟೆಗೆ ಮಾಡಿದರೆ ನಾವು ಗುಮಾಸ್ತರು. ಹೂವಿನ ಬೀದಿಗಾದರೆ ಗೋಪುರ. ಕಮ್ಮಾರ ಬೀದಿಗೆ ಮಾಡಿದರೆ ಮಾತ್ರ ಬಾವಿಯ ಮೇಲೆ ಬರುವುದು ಮಹಡಿಯಿಲ್ಲದ ಜಗುಲಿ. ಮೂರು ಮೂರು ತಿಂಗಳ ಭಾರವನ್ನು ಆ ನೆಲ ಹೇಗೋ ತಾಳಿಕೊಂಡಿತ್ತು. ಶಾಶ್ವತವಾಗಿ ಕೂತರೆ ತಾಳುತ್ತದೆಂದು ಹೇಳುವಂತಿರಲಿಲ್ಲ.

ದೇವೇಂದ್ರಯ್ಯನವರನ್ನು ಕರೆದು ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ನಿವೃತ್ತಿಗೆ ಅವರಿಗೆ ಇನ್ನು ನಾಲ್ಕು ತಿಂಗಳಿತ್ತು. "ಕಚೇರಿ ನಿಲ್ಲಿಸೋ ಸಮಾರಂಭದ ಆಹ್ವಾನ ಪತ್ರಿಕೆ ಅಚ್ಚಾಗಿದೆಯಂತೆ ಪದ್ಮಾಕ್ಷಮ್ಮ. ಕೋಟೆ ಬೀದಿ ಅಂತಲೇ ಹಾಕಿದಾರೆ" ಎಂದರು. ಗೆದ್ದಲು ತಿಂದ ಮೂಲೆಯನ್ನು ಬೆರಳಿನಿಂದ ಮುಟ್ಟಿ, "ಹರಿದ ಭಾಗ ಹರಿದಿದೆ ಅಂತ ಬರೆದರೆ ಯಾರೂ ಏನೂ ಅನ್ನೋದಿಲ್ಲ. ಗೆದ್ದಲು ತಿಂದಿದ್ದಕ್ಕೆ ನಾವು ಹೊಣೆಯಲ್ಲವಲ್ಲ" ಎಂದರು. "ಹೌದು ಸಾರ್" ಎಂದೆ. ಅವರು ತಮ್ಮ ಮೇಜಿಗೆ ಹೋದರು. ಆ ದಿನ ಮತ್ತೆ ನನ್ನ ಕಡೆ ನೋಡಲಿಲ್ಲ.

ಸಂಜೆ ಮನೆಗೆ ಬಂದರೆ ಇವರು ಹೊಸ ಕಪಾಟಿನಲ್ಲಿ ಬಣ್ಣದ ಪೆನ್ಸಿಲುಗಳನ್ನು ಜೋಡಿಸುತ್ತಿದ್ದರು. ಊಟಕ್ಕೆ ಕೂತಾಗ ಹೇಳಿದೆ, ಬಾವಿಯ ವಿಷಯ. ಅವರ ಕೈ ತಟ್ಟೆಯಲ್ಲೇ ನಿಂತಿತು. "ಇನ್ಯಾರಾದರೂ ನೋಡಿದಾರಾ?" ಎಂದರು. "ದೇವೇಂದ್ರಯ್ಯನವರು" ಎಂದೆ. "ಅವರೇನಂದ್ರು?" ಹೇಳಿದೆ. ಅವರು ಎದ್ದು ಕೈ ತೊಳೆದುಕೊಂಡು ಬಂದು, ಬಾಗಿಲಿಗೆ ಒರಗಿ ನಿಂತು, "ದೊಡ್ಡವರೇ ಹಾಗಂದ ಮೇಲೆ ನಿನಗೇನು ಕಷ್ಟ ಪದ್ಮಾ?" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ದಫ್ತರಖಾನೆಯಲ್ಲಿ ಹನ್ನೊಂದು ಜನ ಕೆಲಸ ಮಾಡುತ್ತಿದ್ದರು. ಅವರ ಊಟದ ಡಬ್ಬಿಗಳು ಸಾಲಾಗಿ ಅಂಗಳದ ಕಡೆಯ ಕಿಟಕಿಯ ಹಲಗೆಯ ಮೇಲೆ ಇರುತ್ತಿದ್ದವು. ನನಗೆ ಕಣ್ಣ ಮುಂದೆ ಬಂದದ್ದು ಆ ಡಬ್ಬಿಗಳು. "ಗೆರೆ ಕಂಡಿದೆ ರೀ. ಕಾಣಲಿಲ್ಲ ಅಂತ ಹೇಗೆ ಬಿಡಲಿ?" ಎಂದೆ. ಅವರು ಅಂಗಡಿಯ ದೀಪ ಆರಿಸಲು ಹೋದರು.

ಮಾರನೆಯ ದಿನ ಬಾವಿಯನ್ನು ಬರೆದೆ. ಉಳಿದ ಅರ್ಧ ಗೆರೆಯನ್ನು ಗಟ್ಟಿ ಗೆರೆಯಲ್ಲಿ, ಗೆದ್ದಲು ತಿಂದ ಅರ್ಧವನ್ನು ಚುಕ್ಕೆಯಲ್ಲಿ. ಎರಡು ಅಕ್ಷರವನ್ನೂ ಬರೆದೆ. ಕೆಳಗೆ ನನ್ನ ಹೆಸರಿನ ಮುಂದೆ ಸಹಿ ಹಾಕಿ ದೇವೇಂದ್ರಯ್ಯನವರ ಮೇಜಿನ ಮೇಲಿಟ್ಟೆ. ಅವರು ಬಹಳ ಹೊತ್ತು ನೋಡಿದರು. ಟ್ರೇಸರ್ ಸಹಿ ಇದ್ದರೆ ಸಾಕಾಗಿತ್ತು, ಅವರು ಬರೀ ಮುಂದಕ್ಕೆ ಕಳಿಸಬಹುದಿತ್ತು. ಕಿವಿಯ ಮೇಲಿನ ಪೆನ್ಸಿಲು ಬಿಟ್ಟು, ಖಾನೆಯಿಂದ ಶಾಯಿ ಪೆನ್ನು ತೆಗೆದು, ನನ್ನ ಹೆಸರಿನ ಕೆಳಗೆ ತಮ್ಮ ಹೆಸರು ಪೂರ್ತಿಯಾಗಿ ಬರೆದರು. "ನನ್ನ ಕಣ್ಣಿಗೂ ಕಾಣಿಸ್ತು ಅಂತ ಇರಲಿ" ಎಂದರು.

ಕಾತ್ಯಾಯಿನಿಯವರು ನಕ್ಷೆ ನೋಡಿದವರೇ ಗುರುತಿನ ಜಾಗದಲ್ಲಿ ನೆಲ ಅಗೆಸಿದರು. ನಾಲ್ಕು ಅಡಿ ಕೆಳಗೆ ಒಂದು ಚಪ್ಪಡಿ. ಅದನ್ನು ಸ್ವಲ್ಪ ಸರಿಸಿ ಒಂದು ಕಲ್ಲು ಹಾಕಿದರು. ಅಧ್ಯಕ್ಷರೂ ಇದ್ದರು, ನಾವೆಲ್ಲ ಸುತ್ತ ನಿಂತಿದ್ದೆವು. ಕಲ್ಲು ನೀರಿಗೆ ಬಿದ್ದ ಸದ್ದು ಕೇಳುವುದಕ್ಕೆ ಎಷ್ಟು ಹೊತ್ತಾಯಿತೆಂದರೆ, ಅಷ್ಟರಲ್ಲಿ ಅಧ್ಯಕ್ಷರು ಎರಡು ಸಲ ನನ್ನ ಮುಖ ನೋಡಿದರು. ಆ ವಾರವೇ ತೀರ್ಮಾನ ಬದಲಾಯಿತು. ಬಾಗಿಲು ಕಮ್ಮಾರ ಬೀದಿಗೆ.

ಕೋಟೆ ಬೀದಿಯಲ್ಲಿ ನನ್ನೊಡನೆ ಮಾತು ಬಿಟ್ಟರು. ತರಕಾರಿಯವಳು ಸಹ ನಮ್ಮ ಮನೆ ದಾಟಿದ ಮೇಲೇ ಕೂಗುತ್ತಿದ್ದಳು. ಇವರು ಮಾತು ಬಿಡಲಿಲ್ಲ, ಕಡಿಮೆ ಮಾಡಿದರು. "ಅನ್ನ", "ಸಾಕು", "ಬರ್ತೀನಿ". ತಿಳಿ ನೀಲಿ ಬಣ್ಣದ ಡಬ್ಬಿ ಮುಚ್ಚಳ ತೆರೆಯದೆ ಮನೆಯ ಜಗುಲಿಯ ಮೂಲೆಯಲ್ಲೇ ಕೂತಿತ್ತು.

ಕೊನೆಯ ವರ್ಷವೆಂದು ಒಂದೊಂದು ಬೀದಿಯೂ ಬಾಗಿಲನ್ನು ಮನೆಮಗಳ ಹಾಗೆ ಕಳಿಸಿಕೊಟ್ಟಿತು. ಅಕ್ಕಿಪೇಟೆಯವರು ಹೊರಡುವ ದಿನ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿ, ಹೊಸ ಅಕ್ಕಿಯ ಪಾಯಸ ಮಾಡಿ ಗುಮಾಸ್ತರಿಗೆಲ್ಲ ಬಡಿಸಿದರು. ಹೂವಿನ ಬೀದಿಯ ಹೆಂಗಸರು ಕಂಬ ಕಂಬಕ್ಕೆ ಕನಕಾಂಬರದ ದಂಡೆ ಸುತ್ತಿದರು, ಅಂದು ಯಾರೂ ಜಗಳವಾಡಲಿಲ್ಲ. ಶ್ರಾವಣದಲ್ಲಿ ಕೊನೆಯ ಸಲ ತಿರುಗುವ ವಾರ ಬಂತು. ಕಟ್ಟಡ ಗೊರಗೊರ ಸದ್ದು ಮಾಡುತ್ತ, ಮಧ್ಯೆ ಮಧ್ಯೆ ನಿಂತು ಸುಧಾರಿಸಿಕೊಂಡು ಹೊರಟಿತು. ಏಳನೆಯ ದಿನ ಮಧ್ಯಾಹ್ನ ನಾನು ಕಿಟಕಿಯ ಬಳಿ ನಿಂತಿದ್ದಾಗ ಹಿಂದೆ ಯಾರೋ ಬಂದ ಹಾಗಾಯಿತು. ನೋಡಿದರೆ ಇವರು. ಇಪ್ಪತ್ತೈದು ವರ್ಷದಲ್ಲಿ ಒಂದು ದಿನವೂ ನಮ್ಮ ವಿಭಾಗಕ್ಕೆ ಹತ್ತಿ ಬಂದವರಲ್ಲ. "ಕೊನೇ ಸಲ ಅಂದ್ರು. ನೋಡೋಣ ಅಂತ" ಎಂದರು.

ಇಬ್ಬರೂ ಪಕ್ಕದಲ್ಲಿ ನಿಂತೆವು. ಕಮ್ಮಾರ ಬೀದಿ ಬೆಳಿಗ್ಗೆಯೇ ಚೌಕಟ್ಟಿನ ಆಚೆ ಹೋಗಿತ್ತು. ಮೂಲೆಯ ಹಳೆ ಛತ್ರ ಹೋಯಿತು, ನೀರಿನ ತೊಟ್ಟಿ ಹೋಯಿತು. ಆಮೇಲೆ ಕೋಟೆ ಬೀದಿಯ ಮೊದಲ ಮನೆ ಬಂತು. ನಾಲ್ಕೂವರೆಯ ಹೊತ್ತಿಗೆ ನಮ್ಮ ಅಂಗಡಿ ಕಿಟಕಿಯ ನಟ್ಟನಡುವೆ ಬಂದು ನಿಂತಿತು. ಕಟ್ಟಡ ಒಮ್ಮೆ ನಡುಗಿ ಸುಮ್ಮನಾಯಿತು. ಕೆಳಗೆ ಜನ ಕೂಗಿದರು. ಇವರು ತಮ್ಮ ಅಂಗಡಿಯನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. "ಇಲ್ಲಿಂದ ನಾನು ಕಾಣ್ತೀನಾ?" ಎಂದು ಕೇಳಿದರು. "ಬೋಳಾಗ್ತಿರೋ ತಲೆ ಸಮೇತ" ಎಂದೆ. ಅವರು ತಲೆ ಸವರಿಕೊಂಡರು. ಎಷ್ಟೋ ತಿಂಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕೆವು. ಮುಂದಿನ ಭಾನುವಾರ ಅಂಗಡಿಗೆ ಬಣ್ಣ ಬಳಿದರು.

ಕಥೆ ಇಲ್ಲಿಗೆ ಮುಗಿಯಿತೆಂದೇ ನಾನೂ ಅಂದುಕೊಂಡಿದ್ದೆ. ಬಡವರ ಬೀದಿಗೆ ಬಾಗಿಲು ಸಿಕ್ಕಿತು ಎಂದು ಒಳಗೊಳಗೇ ಒಂದು ಹೆಮ್ಮೆಯೂ ಇತ್ತು. ದೀಪಾವಳಿ ಕಳೆದ ಮೂರನೆಯ ದಿನ ಬೆಳಿಗ್ಗೆ ಕಚೇರಿಗೆ ಬಂದರೆ ಮೆಟ್ಟಿಲಿನ ಮುಂದೆ ಏಳು ಎತ್ತಿನ ಗಾಡಿ ನಿಂತಿದ್ದವು. ಗಾಡಿಗಳಲ್ಲಿ ಕಬ್ಬಿಣ ಬಡಿಯುವ ಅಡಿಗಲ್ಲು, ತಿದಿ, ಸುತ್ತಿಗೆ, ಇಕ್ಕಳ. ಕಾವಲುಗಾರ ಗಾಡಿಯವರನ್ನು ತಡೆದಿದ್ದ. ಗಾಡಿಯ ಮುಂದೆ ನಿಂತಿದ್ದವಳು ಗುರುವಮ್ಮ, ಗಂಡ ಸತ್ತ ಮೇಲೆ ತಾನೇ ಕುಲುಮೆ ನಡೆಸುತ್ತಿದ್ದ ಹೆಂಗಸು. ತೋಳು ಗಂಡಸರಿಗಿಂತ ಗಟ್ಟಿ.

ಬಾಗಿಲು ಕಮ್ಮಾರ ಬೀದಿಗಿರುವಾಗ ಕಚೇರಿಯ ವೇಳೆಯಲ್ಲಿ ಸುತ್ತಿಗೆ ಬಡಿಯಬಾರದು ಎಂದು ಹಿಂದಿನ ಕಾಲದ ಒಂದು ಆಜ್ಞೆಯಿತ್ತು. ಸಾಹೇಬರ ಕೊಠಡಿಗಳು ಆ ಕಡೆ ಬರುತ್ತಿದ್ದವಲ್ಲ, ಅದಕ್ಕೆ. ಆ ಮೂರು ತಿಂಗಳು ಕಮ್ಮಾರರು ಕೆರೆಯ ಏರಿಯ ಕೆಳಗೆ ತಗಡಿನ ಚಪ್ಪರ ಹಾಕಿಕೊಂಡು, ಮಳೆಯಲ್ಲಿ ಇದ್ದಿಲು ನೆನೆಯದ ಹಾಗೆ ಕಾಯ್ದುಕೊಂಡು ಕೆಲಸ ಮಾಡುತ್ತಿದ್ದರು. ದೀಪಾವಳಿಗೆ ಬಾಗಿಲು ಹೋದ ಮೇಲೆ ಗಾಡಿ ಕಟ್ಟಿಕೊಂಡು ವಾಪಸ್ಸು ಬರುತ್ತಿದ್ದರು. ನಾನು ಅಷ್ಟು ವರ್ಷ ಮೇಲಿನಿಂದ ಆ ಗಾಡಿಗಳನ್ನು ನೋಡಿದ್ದೆ. ಏನೆಂದು ಕೇಳಿರಲಿಲ್ಲ.

"ನೀವೇ ಅಲ್ವಾ ಅವ್ವಾ, ಬಾವಿ ಬರೆದವರು?" ಎಂದಳು ಗುರುವಮ್ಮ. ಹೌದೆಂದೆ. "ನೀವು ಬರೆದದ್ದು ಸರಿನೇ. ನಾಕು ಜನದ ಜೀವ ಉಳೀತು ಅಂತಾರೆ. ಮೂರು ತಿಂಗಳಾದ್ರೆ ನಾವೂ ಹೆಂಗೋ ತಡಕೊಂಡ್ವಿ. ಇನ್ನು ವರ್ಷಾನುಗಟ್ಟಲೆ ಕೆರೆ ದಡದಲ್ಲೇ ಇರಬೇಕಾ? ನಮ್ಮ ಮನೆ ಮುಂದೆ ನಮ್ಮ ಕುಲುಮೆ ಹೊತ್ತಿಸಬಾರದಾ?" ಅವಳು ಬೈದಿದ್ದರೆ ಚೆನ್ನಾಗಿತ್ತು. ಸಂಕೋಚದಲ್ಲೇ ಕೇಳಿದಳು, ನೀರು ಕೇಳುವ ಹಾಗೆ. ಅಷ್ಟಾದ ಮೇಲೆ ಎಲ್ಲರೂ ಗಾಡಿಗಳನ್ನು ತಿರುಗಿಸಿಕೊಂಡು ಹೋದರು.

ಅಂದು ಕೆಲಸದಲ್ಲಿ ನನ್ನ ಗೆರೆ ಒಂದೂ ನೇರ ಬರಲಿಲ್ಲ. ಸಂಜೆ ಹುಸೇನ್ ಸಾಬರ ಮನೆಗೆ ಹೋದೆ. ಅವರು ಹೊಸ್ತಿಲಲ್ಲಿ ಕೂತು ಎಡಗೈಯಿಂದ ಮೊಮ್ಮಗಳ ಜಡೆ ಹೆಣೆಯಲು ನೋಡುತ್ತಿದ್ದರು. ಎಲ್ಲ ಕೇಳಿ, "ಕಾಗದ ತೆಗೆದುಕೊ. ನಾನು ಹೇಳ್ತೀನಿ, ನೀನು ಬರೆ" ಎಂದರು. ಅವರು ಹೇಳಿದ ಅರ್ಜಿ ಮುಕ್ಕಾಲು ಪುಟ, ಅಷ್ಟೆ. ದಯೆ, ಕರುಣೆ, ಪಾದ ಎಂಬ ಒಂದು ಮಾತೂ ಇರಲಿಲ್ಲ. ಮೊದಲ ವಾಕ್ಯ ನನಗಿನ್ನೂ ನೆನಪಿದೆ: 'ಬಾಗಿಲು ನಮ್ಮ ಬೀದಿಗೆ ಬಂದಿದೆ, ನಾವು ಬಾಗಿಲಿನ ಬಳಿಗೆ ಹೋದವರಲ್ಲ.' ಬರೆದು ಮುಗಿಸಿದ ಮೇಲೆ, "ಇದಕ್ಕೆ ಕಮ್ಮಾರರ ಹೆಬ್ಬೆಟ್ಟು ಸಾಲದು ಮಗಳೇ. ಸದ್ದು ಕೇಳಬೇಕಾದವರು ಯಾರು? ನೀವು. ನಿಮಗೆ ಅಡ್ಡಿಯಿಲ್ಲ ಅಂತ ನೀವು ಸಹಿ ಹಾಕಬೇಕು" ಎಂದರು.

ಮಹಡಿ ಮಹಡಿ ಹತ್ತಿಳಿದೆ. ಕೆಲವರು ತಕ್ಷಣ ಹಾಕಿದರು. "ತಲೆನೋವಿನವಳು ನಾನು, ಆಗೋದಿಲ್ಲ ಪದ್ಮಾಕ್ಷಿ" ಎಂದವರೂ ಇದ್ದರು. ದಫ್ತರಖಾನೆಯ ಹನ್ನೊಂದು ಜನ ಓದದೆಯೇ ಸಹಿ ಹಾಕಿದರು. ಆಗಲೇ ನಿವೃತ್ತರಾಗಿದ್ದ ದೇವೇಂದ್ರಯ್ಯನವರು ಕೊಡೆ ಹಿಡಿದುಕೊಂಡು ಬಂದು, ನಿವೃತ್ತ ಎಂದು ಆವರಣದಲ್ಲಿ ಬರೆದು ಸಹಿ ಮಾಡಿ ಹೋದರು. ಆದರೂ ಅಧ್ಯಕ್ಷರು ಕೋಟೆ ಬೀದಿಯವರು, ನನ್ನ ಮೇಲೆ ಅವರಿಗೆ ಸಿಟ್ಟು ಇಳಿದಿರಲಿಲ್ಲ. ಅರ್ಜಿ ಅವರ ಮೇಜಿನ ಮೇಲೆ ಒಂದು ತಿಂಗಳು ಬಿದ್ದಿತ್ತು. ನಾನು ಮನೆಯಲ್ಲಿ ಏನೂ ಹೇಳಿಕೊಳ್ಳಲಿಲ್ಲ.

ಒಂದು ದಿನ ಕೆಲಸದ ನಡುವೆ ಕಿಟಕಿಯಿಂದ ನೋಡಿದರೆ ನಮ್ಮ ಅಂಗಡಿ ಮುಚ್ಚಿತ್ತು. ಹಗಲು ಹನ್ನೊಂದಕ್ಕೆ. ಗಾಬರಿಯಾಗಿ ನಿಂತು ನೋಡಿದೆ. ಇವರು ಬೀದಿಯಲ್ಲಿ ಬೆಳ್ಳಿ ಅಂಗಡಿಯಿಂದ ಹೊರಗೆ ಬಂದು ಪಕ್ಕದ ಬಟ್ಟೆ ಅಂಗಡಿಗೆ ಹೋದರು. ಕೈಯಲ್ಲಿ ಒಂದು ಹಾಳೆ. ಅಲ್ಲಿಂದ ಹೊರಗೆ ಬಂದು ಮುಂದಿನ ಮನೆಗೆ. ಹೀಗೆ ಮಧ್ಯಾಹ್ನದವರೆಗೆ. ಸಂಜೆ ಆ ಹಾಳೆಯನ್ನು ನನ್ನ ಮುಂದಿಟ್ಟರು. ಕಮ್ಮಾರರ ಅರ್ಜಿಗೆ ಒಪ್ಪಿಗೆಯೆಂದು ಕೋಟೆ ಬೀದಿಯ ಅರವತ್ತೆರಡು ಸಹಿ, ಕೊನೆಯದು ಅಧ್ಯಕ್ಷರ ತಾಯಿಯದು. "ಇವರೆಲ್ಲ ಹೇಗೆ ಒಪ್ಪಿದ್ರು?" ಎಂದೆ. "ಬಾಗಿಲು ನಮಗೆ ಸಿಗಲಿಲ್ಲ, ಸಿಕ್ಕವರಿಗೂ ಅದರಿಂದ ಕಷ್ಟವೇ ಆದ್ರೆ ಯಾರಿಗೇನು ಬಂತು ಅಂತ ಕೇಳಿದೆ" ಎಂದರು. ಆಮೇಲೆ ತಟ್ಟೆಗೆ ಅನ್ನ ತಾವೇ ಬಡಿಸಿಕೊಂಡು, "ನೀನು ನನ್ನನ್ನ ಕೇಳಬೇಕಿತ್ತು ಪದ್ಮಾ. ನಾನೇ ಬರ್ತಿದ್ದೆ" ಎಂದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅವರು ಅದನ್ನು ನೋಡದವರ ಹಾಗೆ ಉಪ್ಪಿನಕಾಯಿ ಕೇಳಿದರು.

ಆಜ್ಞೆ ರದ್ದಾದದ್ದು ಪುಷ್ಯ ಮಾಸದ ಒಂದು ಸೋಮವಾರ. ಆ ದಿನ ಸಾಬರನ್ನು ಕರೆದುಕೊಂಡು ಬಂದು ಜಗುಲಿಯ ಮೇಲೆ ಕೂರಿಸಿದ್ದೆವು. ಗಾಡಿಗಳು ಮತ್ತೆ ಬಂದವು. ಅಡಿಗಲ್ಲು ಇಳಿಸಿ, ಕುಲುಮೆ ಹೊತ್ತಿಸುವಷ್ಟರಲ್ಲಿ ಹನ್ನೊಂದೂವರೆ. ಒಳಗೆ ಎಲ್ಲರೂ ಕೆಲಸ ಮಾಡುವವರ ಹಾಗೆ ಕೂತು ಕಿವಿ ಹೊರಗಿಟ್ಟಿದ್ದರು. ಗುರುವಮ್ಮ ಕೆಂಪಗೆ ಕಾದ ನೇಗಿಲ ಕುಳವನ್ನು ಇಕ್ಕಳದಲ್ಲಿ ಹಿಡಿದು ಮೊದಲ ಏಟು ಹಾಕಿದಾಗ ಮೂರೂ ಮಹಡಿಯ ಕಿಟಕಿಗಾಜು ಝಲ್ ಎಂದಿತು. ಅವಳು ಬೆಚ್ಚಿ, ಸುತ್ತಿಗೆ ಮೇಲೆತ್ತಿಯೇ ನಿಂತು, ತಲೆಯೆತ್ತಿ ಕಚೇರಿಯ ಕಿಟಕಿಗಳ ಕಡೆ ನೋಡಿದಳು. ಯಾರೂ ಏನೂ ಅನ್ನಲಿಲ್ಲ. ಹುಸೇನ್ ಸಾಬರು ಜಗುಲಿಯಿಂದ ಎಡಗೈ ಬೀಸಿ, "ಹೊಡಿ ತಾಯಿ, ಕಬ್ಬಿಣ ಆರ್ತದೆ" ಎಂದರು. ಅವಳು ಹೊಡೆದಳು.

ಸಾಬರು ಹೋಗಿ ಎಷ್ಟೋ ವರ್ಷವಾಯಿತು. ನಾನು ನಿವೃತ್ತಳಾಗಿಯೂ ಆರು ವರ್ಷ. ಈಗಿನ ಗುಮಾಸ್ತರಲ್ಲಿ ಹೆಚ್ಚಿನವರು ಹೊರಗಿನವರು, ಕಚೇರಿ ಒಂದು ಕಾಲಕ್ಕೆ ತಿರುಗುತ್ತಿತ್ತು ಎಂದರೆ ನನ್ನ ವಯಸ್ಸು ನೋಡಿ ನಯವಾಗಿ ತಲೆಯಾಡಿಸುತ್ತಾರೆ. ಪಿಂಚಣಿಯ ಕಾಗದಕ್ಕೆ ಸಹಿ ಹಾಕಲು ಹೋದ ತಿಂಗಳು ಹೋಗಿದ್ದೆ. ಅಮಾವಾಸ್ಯೆ, ಕಮ್ಮಾರರು ಕುಲುಮೆ ಹೊತ್ತಿಸದ ದಿನ. ನನ್ನ ಹಳೆಯ ಮಹಡಿಯಲ್ಲಿ ಹೊಸದಾಗಿ ಬಂದ ಒಬ್ಬ ಹುಡುಗಿ ಪೆನ್ನು ಕೆಳಗಿಟ್ಟು ಆಚೆಯ ಮೇಜಿನವಳನ್ನು ಕೇಳುತ್ತಿದ್ದಳು, "ಯಾಕೋ ಇವತ್ತು ಕೆಲಸವೇ ಸಾಗ್ತಿಲ್ಲ ಕಣೇ. ಏನೋ ಇಲ್ಲ ಅನ್ನಿಸ್ತಿದೆ, ಏನು ಅಂತ ಗೊತ್ತಾಗ್ತಿಲ್ಲ."